ರಾಜ್ಯಕ್ಕೊಂದು ಪರ್ಮಿಟ್: ಅಮೆರಿಕದ ಓವರ್‌ಸೈಜ್ ಟ್ರಕ್ ನಿಯಮಗಳು ಒಂದಾಗದಿರಲು ಕಾರಣವೇನು? ಗಲ್ಫ್‌ನ ಟ್ರೈಲರ್ ಡ್ರೈವರ್‌ಗಳು ತಿಳಿದಿರಬೇಕಾದ ಮಾಹಿತಿ

ಟ್ರಾನ್ಸ್‌ಫಾರ್ಮರ್, ಬಾಯ್ಲರ್, ಕ್ರೇನಿನ ಬೂಮ್, ಗಾಳಿಯಂತ್ರದ ರೆಕ್ಕೆ. ಇಂಥ ಸಾಮಾನು ಸಾಧಾರಣ ಟ್ರೈಲರ್‌ನ ಅಳತೆಗೆ ಕೂರುವುದಿಲ್ಲ. ಅಮೆರಿಕದಲ್ಲಿ ಇದನ್ನು ಓವರ್‌ಸೈಜ್ ಲೋಡ್ ಅಂತಾರೆ, ಗಲ್ಫ್‌ನಲ್ಲಿ ಅಬ್‌ನಾರ್ಮಲ್ ಲೋಡ್, ನಮ್ಮ ಊರಲ್ಲಿ ಒಡಿಸಿ. ಹೆಸರು ಏನೇ ಇರಲಿ, ರಸ್ತೆಗೆ ಇಳಿಸಲು ವಿಶೇಷ ಪರ್ಮಿಟ್ ಬೇಕೇ ಬೇಕು. ಲೋಬೆಡ್, ಹೈಡ್ರಾಲಿಕ್ ಟ್ರೈಲರ್ ಓಡಿಸುವ ನಮ್ಮವರಿಗೆ ಇದು ಗೊತ್ತಿರುವ ವಿಷಯ.

ತೊಂದರೆ ಶುರುವಾಗುವುದು ಗಡಿಯಲ್ಲಿ. ಒಂದು ರಾಜ್ಯ ಕೊಟ್ಟ ಪರ್ಮಿಟ್ ಪಕ್ಕದ ರಾಜ್ಯದಲ್ಲಿ ಬರೀ ಕಾಗದ. ಈ ಸಮಸ್ಯೆ ಅತಿ ಹೆಚ್ಚು ಚರ್ಚೆಯಾಗಿರುವುದು ಅಮೆರಿಕದಲ್ಲಿ. 50 ರಾಜ್ಯಗಳ ನಿಯಮವನ್ನು ಒಂದೇ ಅಚ್ಚಿಗೆ ತರುವ ಪ್ರಯತ್ನ ಅಲ್ಲಿ ದಶಕಗಳಿಂದ ನಡೆಯುತ್ತಿದೆ. ಎಷ್ಟು ಒಂದಾಯಿತು, ಎಷ್ಟು ಆಗಲಿಲ್ಲ, ಅದರಿಂದ ಸ್ಟಿಯರಿಂಗ್ ಹಿಡಿದವನಿಗೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಗಲ್ಫ್‌ನ ಅನುಭವ ಹಿಡಿದುಕೊಂಡು ಮುಂದೆ ಕೆನಡಾ, ಅಮೆರಿಕ ಕಡೆ ಹೋಗುವ ಆಲೋಚನೆ ಇರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಕೇಂದ್ರದ ಕೈಯಲ್ಲಿ ಏನಿದೆ, ರಾಜ್ಯದ ಕೈಯಲ್ಲಿ ಏನಿದೆ?

ಮೊದಲು ತಿಳಿಯಬೇಕಾದದ್ದು: ಅಮೆರಿಕದಲ್ಲಿ ಸಾಧಾರಣ ಟ್ರಕ್‌ಗೆ ಕೇಂದ್ರ ಸರ್ಕಾರದ ಮಿತಿ ಇದೆ. ಆದರೆ ಆ ಮಿತಿ ಮೀರಿದ ಲೋಡ್‌ಗೆ ಪರ್ಮಿಟ್ ಕೊಡುವ ಅಧಿಕಾರ ಪೂರ್ತಿ ರಾಜ್ಯಗಳದ್ದು. ವಾಷಿಂಗ್ಟನ್ ಡಿ.ಸಿ.ಯಲ್ಲಿ ಕೂತ ಯಾವ ಆಫೀಸೂ ದೇಶಕ್ಕೆಲ್ಲ ನಡೆಯುವ ಓವರ್‌ಸೈಜ್ ಪರ್ಮಿಟ್ ಕೊಡುವುದಿಲ್ಲ.

ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ಕೇಂದ್ರದ ಮಿತಿ ಹೀಗಿದೆ:

- ಒಂಟಿ ಆಕ್ಸಲ್ ಮೇಲೆ 20,000 ಪೌಂಡ್ (ಸುಮಾರು 9 ಟನ್)
- ಜೋಡಿ ಆಕ್ಸಲ್ ಮೇಲೆ 34,000 ಪೌಂಡ್ (ಸುಮಾರು 15.4 ಟನ್)
- ಗಾಡಿ, ಲೋಡ್ ಎಲ್ಲ ಸೇರಿ 80,000 ಪೌಂಡ್ (ಸುಮಾರು 36.3 ಟನ್)
- ಅಗಲ 102 ಇಂಚು (ಸುಮಾರು 2.6 ಮೀಟರ್)

ಇದರ ಜೊತೆಗೆ ಬ್ರಿಡ್ಜ್ ಫಾರ್ಮುಲಾ ಎಂಬ ಲೆಕ್ಕವೂ ಇದೆ. ಒಟ್ಟು ತೂಕ ಎಷ್ಟು ಎಂಬುದರ ಜೊತೆಗೆ ಆ ತೂಕ ಎಷ್ಟು ಉದ್ದಕ್ಕೆ ಹರಡಿದೆ ಎಂಬುದನ್ನೂ ಇದು ನೋಡುತ್ತದೆ. ಐದು ಆಕ್ಸಲ್‌ನ ಟ್ರೈಲರ್ ಪೂರ್ತಿ 80,000 ಪೌಂಡ್ ಹೊರಬೇಕಾದರೆ ಮೊದಲ ಆಕ್ಸಲ್‌ನಿಂದ ಕೊನೆಯ ಆಕ್ಸಲ್‌ವರೆಗೆ 51 ಅಡಿ ಅಂತರ ಇರಬೇಕು. ಅದೇ ತೂಕ ಗಿಡ್ಡ ಗಾಡಿಯಲ್ಲಿದ್ದರೆ ಸೇತುವೆಯ ಒಂದೇ ಜಾಗಕ್ಕೆ ಒತ್ತಡ ಬೀಳುತ್ತದೆ.

ಎತ್ತರಕ್ಕೆ ಮಾತ್ರ ಕೇಂದ್ರದ ಮಿತಿಯೇ ಇಲ್ಲ. ಪೂರ್ವದ ಹೆಚ್ಚಿನ ರಾಜ್ಯಗಳಲ್ಲಿ 13 ಅಡಿ 6 ಇಂಚು, ಪಶ್ಚಿಮದ ಹಲವು ರಾಜ್ಯಗಳಲ್ಲಿ 14 ಅಡಿ, ನೆಬ್ರಾಸ್ಕಾ ಮತ್ತು ಕೊಲರಾಡೊದಲ್ಲಿ 14 ಅಡಿ 6 ಇಂಚು. ಅಂದರೆ ಒಂದು ರಾಜ್ಯದಲ್ಲಿ ಪರ್ಮಿಟ್ಟೇ ಬೇಡದ ಗಾಡಿಗೆ ಇನ್ನೊಂದು ರಾಜ್ಯ ಕಾಲಿಟ್ಟ ಕೂಡಲೇ ಪರ್ಮಿಟ್ ಬೇಕಾಗುತ್ತದೆ.

ಯಾವ ಲೋಡ್‌ಗೆ ಪರ್ಮಿಟ್ ಸಿಗುತ್ತದೆ?

ಎಲ್ಲ ಲೋಡ್‌ಗೂ ಸಿಗುವುದಿಲ್ಲ. ಬಿಡಿಸಿ ಎರಡು ಗಾಡಿಗೆ ಹಾಕಬಹುದಾದ ಮರಳು, ಜಲ್ಲಿ, ಸಿಮೆಂಟ್ ಚೀಲಗಳಿಗೆ ಸಾಮಾನ್ಯವಾಗಿ ಓವರ್‌ಲೋಡ್ ಪರ್ಮಿಟ್ ಇಲ್ಲ. ಬಿಡಿಸಲಾಗದ ಲೋಡ್‌ಗೆ ಮಾತ್ರ. ಬಿಡಿಸಲಾಗದ್ದು ಅಂದರೆ ಏನು ಎಂಬುದಕ್ಕೆ ಕೇಂದ್ರದ ನಿಯಮವೇ ಮೂರು ಗುರುತು ಕೊಟ್ಟಿದೆ: ಬಿಡಿಸಿದರೆ ಆ ವಸ್ತು ಅದರ ಕೆಲಸಕ್ಕೆ ಬಾರದಂತಾಗಬೇಕು, ಅಥವಾ ಅದರ ಬೆಲೆ ಹಾಳಾಗಬೇಕು, ಅಥವಾ ಸರಿಯಾದ ಸಲಕರಣೆ ಇದ್ದರೂ ಬಿಡಿಸಲು 8 ಗಂಟೆಗಿಂತ ಹೆಚ್ಚು ಕೆಲಸ ಬೇಕಾಗಬೇಕು. ಈ ವ್ಯಾಖ್ಯಾನ ಇಂಟರ್‌ಸ್ಟೇಟ್ ಹೆದ್ದಾರಿಗೆ ಎಲ್ಲೆಡೆ ಒಂದೇ. ಆದರೆ ಹಳೆಯ ಹಕ್ಕಿನ ಹೆಸರಲ್ಲಿ ಕೆಲವು ರಾಜ್ಯಗಳು ಬಿಡಿಸಬಹುದಾದ ಲೋಡ್‌ಗೂ ಹೆಚ್ಚಿನ ತೂಕ ಬಿಡುತ್ತಿವೆ. ಈ ಹಕ್ಕು ಬಂದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಿತಿಗಳು ಒಂದಾದ ದಾರಿ

1956: ಇಂಟರ್‌ಸ್ಟೇಟ್ ಹೆದ್ದಾರಿಗಳಿಗೆ ಕೇಂದ್ರದ ಹಣ ಬಂತು. ಹಣದ ಜೊತೆಗೆ ಷರತ್ತೂ ಬಂತು: ಒಟ್ಟು ತೂಕ 73,280 ಪೌಂಡ್, ಅಗಲ 96 ಇಂಚು ಮೀರಬಾರದು. ಮೊದಲೇ ಇದಕ್ಕಿಂತ ಹೆಚ್ಚು ಬಿಟ್ಟಿದ್ದ ರಾಜ್ಯಗಳ ಹಳೆಯ ಹಕ್ಕನ್ನು ಹಾಗೇ ಉಳಿಸಲಾಯಿತು.

1958ರಿಂದ 1960: ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ ಪ್ರತ್ಯೇಕ ರಸ್ತೆ ಕಟ್ಟಿ, ಅದರ ಮೇಲೆ ಬೇರೆ ಬೇರೆ ತೂಕದ ಟ್ರಕ್ ಓಡಿಸಿ ರಸ್ತೆ ಎಷ್ಟು ಹಾಳಾಗುತ್ತದೆ ಅಂತ ಅಳೆದರು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಎಂಬ ಲೆಕ್ಕ ಈ ಪರೀಕ್ಷೆಯಿಂದ ಬಂದದ್ದು. ತೂಕದ ವಿಷಯದಲ್ಲಿ ಎಲ್ಲ ದೇಶಗಳೂ ಇಷ್ಟು ಕಟ್ಟುನಿಟ್ಟು ಮಾಡುವುದರ ಹಿಂದೆ ಇದೇ ಕಾರಣವಿದೆ.

1974: ಇಂಧನದ ಬಿಕ್ಕಟ್ಟಿನ ಹೊತ್ತಿನಲ್ಲಿ ಕೇಂದ್ರ ತನ್ನ ಮಿತಿಯನ್ನು 80,000 ಪೌಂಡ್‌ಗೆ ಏರಿಸಿತು, ಬ್ರಿಡ್ಜ್ ಫಾರ್ಮುಲಾ ಸೇರಿಸಿತು. ಆದರೆ ಅಷ್ಟು ಬಿಡಲೇಬೇಕು ಅಂತ ರಾಜ್ಯಗಳಿಗೆ ಕಡ್ಡಾಯ ಮಾಡಲಿಲ್ಲ. ಇಲಿನಾಯ್, ಮಿಸೌರಿ, ಆರ್ಕನ್ಸಾದಂಥ ಮಿಸಿಸಿಪ್ಪಿ ನದಿಗುಂಟದ ಕೆಲವು ರಾಜ್ಯಗಳು ಹಳೆಯ 73,280ಕ್ಕೇ ಅಂಟಿಕೊಂಡವು. ದೇಶದ ನಡುವೆ ಬೇಲಿ ಹಾಕಿದಂತಾಯಿತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ಟ್ರಕ್ ಈ ರಾಜ್ಯಗಳಿಗಾಗಿ ಲೋಡ್ ಕಡಿಮೆ ಮಾಡಬೇಕು, ಇಲ್ಲವೇ ಸುತ್ತಿ ಬಳಸಿ ಹೋಗಬೇಕು.

1982: ಕೊನೆಗೆ ಹೊಸ ಕಾನೂನು ಬಂದು ಇಂಟರ್‌ಸ್ಟೇಟ್‌ಗಳಲ್ಲಿ 80,000 ಪೌಂಡ್ ಬಿಡುವುದು ಎಲ್ಲ ರಾಜ್ಯಗಳಿಗೂ ಕಡ್ಡಾಯವಾಯಿತು. ಅಗಲ 102 ಇಂಚು, ಸೆಮಿ ಟ್ರೈಲರ್ ಉದ್ದ ಕನಿಷ್ಠ 48 ಅಡಿ ಬಿಡಬೇಕು ಎಂಬುದೂ ಆಗಲೇ ಸೇರಿತು.

ಹೀಗೆ ಸಾಧಾರಣ ಟ್ರಕ್‌ನ ಅಳತೆ ಒಂದು ಹಂತಕ್ಕೆ ಒಂದಾಗಲು 26 ವರ್ಷ ಹಿಡಿಯಿತು. ಮಿತಿ ಮೀರಿದ ಲೋಡ್‌ನ ಪರ್ಮಿಟ್ ನಿಯಮ ಮಾತ್ರ ಆ ಕಾನೂನಿನ ಹೊರಗೇ ಉಳಿಯಿತು.

ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದೇನು?

ಟೆಕ್ಸಾಸ್‌ನ ಹ್ಯೂಸ್ಟನ್ ಬಂದರಿಗೆ ಬಂದ ಗಾಳಿಯಂತ್ರದ ಬಿಡಿಭಾಗ ಉತ್ತರ ಡಕೋಟಾಕ್ಕೆ ಹೋಗಬೇಕು ಅಂತಿಟ್ಟುಕೊಳ್ಳಿ. ನೇರ ಉತ್ತರಕ್ಕೆ ಹೊರಟರೆ ಟೆಕ್ಸಾಸ್, ಓಕ್ಲಹೋಮ, ಕಾನ್ಸಸ್, ನೆಬ್ರಾಸ್ಕಾ, ದಕ್ಷಿಣ ಡಕೋಟಾ, ಉತ್ತರ ಡಕೋಟಾ, ಒಟ್ಟು ಆರು ರಾಜ್ಯ. ಪ್ರತಿ ರಾಜ್ಯವೂ ತನ್ನ ರಸ್ತೆಗೆ ತಾನೇ ಪರ್ಮಿಟ್ ಕೊಡಬೇಕು. ಬದಲಾಗುವ ಮುಖ್ಯ ವಿಷಯಗಳು ಇವು:

1. ಅರ್ಜಿ ಹಾಕುವ ಇಲಾಖೆ. ಹೆಚ್ಚಿನ ಕಡೆ ಸಾರಿಗೆ ಇಲಾಖೆ. ಟೆಕ್ಸಾಸ್‌ನಲ್ಲಿ ಮೋಟಾರು ವಾಹನ ಇಲಾಖೆ.

2. ಪೈಲಟ್ ಕಾರ್. ಎಷ್ಟು ಅಗಲ ಅಥವಾ ಎತ್ತರ ಆದ ಮೇಲೆ ಮುಂದೆ, ಹಿಂದೆ ಪೈಲಟ್ ಕಾರ್ ಬೇಕು ಎಂಬುದು ಎಲ್ಲ ಕಡೆ ಒಂದೇ ಇಲ್ಲ. ಪೈಲಟ್ ಕಾರ್ ಓಡಿಸುವವನಿಗೆ ವಾಷಿಂಗ್ಟನ್, ಫ್ಲಾರಿಡಾ, ಯೂಟಾ ಮುಂತಾದ ರಾಜ್ಯಗಳಲ್ಲಿ ಸರ್ಟಿಫಿಕೇಟ್ ಕಡ್ಡಾಯ, ಬೇರೆ ಹಲವು ಕಡೆ ಬೇಡ. ನ್ಯೂಯಾರ್ಕ್‌ನಲ್ಲಿ ಆ ರಾಜ್ಯದ್ದೇ ಪರೀಕ್ಷೆ ಬರೆಯಬೇಕು.

3. ಓಡಿಸುವ ಹೊತ್ತು. ಹಗಲಲ್ಲಿ ಮಾತ್ರ ಎಂಬುದು ಸಾಮಾನ್ಯ ನಿಯಮ. ಆದರೆ ಹಗಲು ಅಂದರೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದಲೋ, ಸೂರ್ಯೋದಯದಿಂದಲೋ? ಶನಿವಾರ, ಭಾನುವಾರ, ಹಬ್ಬದ ರಜೆ, ದೊಡ್ಡ ನಗರಗಳ ಬೆಳಗ್ಗೆ ಸಂಜೆಯ ನಿರ್ಬಂಧ, ಇವೆಲ್ಲ ಅಲ್ಲಲ್ಲಿಗೆ ಬೇರೆ.

4. ಬಾವುಟ, ದೀಪ, ಬೋರ್ಡು. ಬಾವುಟದ ಅಳತೆ, ಎಷ್ಟು ಹಾಕಬೇಕು, ಬೋರ್ಡು ಎಲ್ಲಿ ಕಟ್ಟಬೇಕು ಎಂಬುದರಲ್ಲೂ ವ್ಯತ್ಯಾಸ.

5. ಪರ್ಮಿಟ್‌ನ ಆಯುಸ್ಸು ಮತ್ತು ಫೀಸು. ಎಷ್ಟು ದಿನ ನಡೆಯುತ್ತದೆ, ಫೀಸು ಪ್ರತಿ ಟ್ರಿಪ್‌ಗೋ ತೂಕ ಮತ್ತು ದೂರದ ಲೆಕ್ಕಕ್ಕೋ ಎಂಬುದು ರಾಜ್ಯದ ಇಷ್ಟ.

ಒಂದು ರಾಜ್ಯದ ಪರ್ಮಿಟ್ ತಡವಾದರೆ ಗಾಡಿ ಗಡಿಯ ಹತ್ತಿರ ನಿಲ್ಲಬೇಕು. ನಿಂತಷ್ಟು ಹೊತ್ತು ಹಿಂದಿನ ರಾಜ್ಯದ ಪರ್ಮಿಟ್‌ನ ದಿನಗಳು ಮುಗಿಯುತ್ತಾ ಹೋಗುತ್ತವೆ. ಪೈಲಟ್ ಕಾರಿನ ಬಾಡಿಗೆ ಏರುತ್ತದೆ. ಆಮೇಲೆ ಆಗುವ ಅವಸರ ಯಾರ ಮೇಲೆ ಬೀಳುತ್ತದೆ ಅಂತ ಡ್ರೈವರ್‌ಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದಾಗಿಸುವ ಪ್ರಯತ್ನಗಳು

ಕೇಂದ್ರ ಕಡ್ಡಾಯ ಮಾಡದಿದ್ದರೂ ರಾಜ್ಯಗಳು ತಾವೇ ಕೂಡಿ ಮಾಡಿಕೊಂಡ ಒಪ್ಪಂದಗಳಿವೆ. ಪಶ್ಚಿಮದ ಹಲವು ರಾಜ್ಯಗಳ ಪ್ರಾದೇಶಿಕ ಪರ್ಮಿಟ್ ವ್ಯವಸ್ಥೆಯಲ್ಲಿ ಒಂದು ರಾಜ್ಯದಲ್ಲಿ ಅರ್ಜಿ ಹಾಕಿದರೆ ದಾರಿಯಲ್ಲಿ ಬರುವ ಇತರ ಸದಸ್ಯ ರಾಜ್ಯಗಳ ಪರ್ಮಿಟ್ ಕೂಡ ಒಟ್ಟಿಗೇ ಸಿಗುತ್ತದೆ. ಇದು ಒಂದು ಅಳತೆಯ ಒಳಗಿನ ಲೋಡ್‌ಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಮತ್ತೆ ರಾಜ್ಯಕ್ಕೊಂದು ಅರ್ಜಿ. ನ್ಯೂ ಇಂಗ್ಲೆಂಡ್‌ನ ರಾಜ್ಯಗಳೂ, ದಕ್ಷಿಣದ ರಾಜ್ಯಗಳೂ ಇಂಥ ಒಪ್ಪಂದ ಮಾಡಿಕೊಂಡಿವೆ.

ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘಟನೆ ಆಶ್ಟೊ ಇದನ್ನು ಹಂತ ಹಂತವಾಗಿ ಮಾಡುತ್ತಿದೆ. ಬಾವುಟ, ದೀಪ, ಬೋರ್ಡು, ಪೈಲಟ್ ಕಾರಿನ ಅಗತ್ಯ ಇಂಥ ಸುಲಭದ ವಿಷಯಗಳನ್ನು ಮೊದಲು ಒಂದು ಮಾಡೋಣ, ಕಷ್ಟದ್ದನ್ನು ಆಮೇಲೆ ನೋಡೋಣ ಎಂಬುದು ಅವರ ದಾರಿ. ಭಾರೀ ಸಾಗಾಟ ಕಂಪನಿಗಳ ಸಂಘ ಎಸ್‌ಸಿ ಆ್ಯಂಡ್ ಆರ್‌ಎ ಕೂಡ ಬಹಳ ಕಾಲದಿಂದ ಇದಕ್ಕೆ ಒತ್ತಾಯಿಸುತ್ತಿದೆ. ಆನ್‌ಲೈನ್‌ನಲ್ಲಿ ತಾನಾಗಿಯೇ ಪರ್ಮಿಟ್ ಕೊಡುವ ವ್ಯವಸ್ಥೆ ಈಗ ಹಲವು ರಾಜ್ಯಗಳಲ್ಲಿ ಇದೆ. ರಾತ್ರಿ ಹನ್ನೆರಡಕ್ಕೆ ಅರ್ಜಿ ಹಾಕಿದರೂ ಕೂಡಲೇ ಪರ್ಮಿಟ್ ಬರುತ್ತದೆ.

ಬೇಗ ಸಿಗುವುದು ಒಳ್ಳೆಯದೇ. ಆದರೆ ಬೇಗ ಸಿಕ್ಕಿದ ಪರ್ಮಿಟ್‌ನಲ್ಲಿ ದಾರಿಯನ್ನು ಯಾರು ನೋಡಿದರು ಎಂಬ ಪ್ರಶ್ನೆ 2013ರಲ್ಲಿ ದೊಡ್ಡದಾಗಿ ಎದ್ದಿತು.

ಸ್ಕ್ಯಾಜಿಟ್ ಸೇತುವೆ: ಪರ್ಮಿಟ್ ಇತ್ತು, ಸೇತುವೆ ಬಿತ್ತು

2013ರ ಮೇ 23ರ ಸಂಜೆ. ಕೆನಡಾದ ಆಲ್ಬರ್ಟಾದಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ ಬಂದ ಟ್ರಕ್ಕೊಂದು ಇಂಟರ್‌ಸ್ಟೇಟ್ 5ರಲ್ಲಿ ದಕ್ಷಿಣಕ್ಕೆ ಹೋಗುತ್ತಿತ್ತು. ಕೊರೆಯುವ ಉದ್ಯಮದ ದೊಡ್ಡ ಸಲಕರಣೆ ಅದರ ಮೇಲಿತ್ತು. ಆ ರಾಜ್ಯದ ಪರ್ಮಿಟ್ ಇತ್ತು, ಮುಂದೆ ಪೈಲಟ್ ಕಾರ್ ಇತ್ತು. ಪರ್ಮಿಟ್‌ನಲ್ಲಿ ಬರೆದ ಎತ್ತರ 15 ಅಡಿ 9 ಇಂಚು. ತನಿಖೆಯಲ್ಲಿ ಕಂಡ ನಿಜವಾದ ಎತ್ತರ ಸುಮಾರು 2 ಇಂಚು ಹೆಚ್ಚು.

ಮೌಂಟ್ ವರ್ನನ್ ಬಳಿ ಸ್ಕ್ಯಾಜಿಟ್ ನದಿಗೆ ಕಟ್ಟಿದ ಉಕ್ಕಿನ ಸೇತುವೆ 1955ರ ಕಾಲದ್ದು. ಮೇಲಿನ ಅಡ್ಡ ಕಂಬಿಗಳು ಕಮಾನಿನ ಆಕಾರ. ನಡುವೆ ಎತ್ತರ ಜಾಸ್ತಿ, ಅಂಚಿಗೆ ಹೋದಂತೆ ಕಡಿಮೆ. ಎಡಗಡೆಯ ಲೇನ್‌ನಲ್ಲಿ ಹೋಗಿದ್ದರೆ ಆ ಲೋಡ್ ಪಾರಾಗುತ್ತಿತ್ತು. ಟ್ರಕ್ ಬಲಗಡೆಯ ಲೇನ್‌ನಲ್ಲಿತ್ತು, ಪಕ್ಕದಲ್ಲೇ ಇನ್ನೊಂದು ಟ್ರಕ್ ಓವರ್‌ಟೇಕ್ ಮಾಡುತ್ತಿತ್ತು. ಲೋಡ್‌ನ ಮೇಲ್ಭಾಗ ಒಂದರ ಹಿಂದೆ ಒಂದು ಕಂಬಿಗೆ ಬಡಿಯಿತು. ಸೇತುವೆಯ ಒಂದು ಅಂಕಣ ನದಿಗೆ ಕುಸಿಯಿತು. ಬಡಿದ ಟ್ರಕ್ ದಾಟಿ ಹೋಗಿತ್ತು. ಹಿಂದೆ ಬರುತ್ತಿದ್ದ ಎರಡು ವಾಹನಗಳು ನೀರಿಗೆ ಬಿದ್ದವು. ಅವುಗಳಲ್ಲಿದ್ದ ಮೂವರೂ ಬದುಕಿ ಬಂದದ್ದು ಪುಣ್ಯ.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಒಬ್ಬನ ತಲೆಗೆ ಮಾತ್ರ ತಪ್ಪು ಕಟ್ಟಲಿಲ್ಲ. ಕಂಪನಿ ದಾರಿಯನ್ನು ಸರಿಯಾಗಿ ಪರಿಶೀಲಿಸಿರಲಿಲ್ಲ. ಪೈಲಟ್ ಕಾರಿನ ಡ್ರೈವರ್ ಆ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ರಾಜ್ಯದ ಪರ್ಮಿಟ್ ವ್ಯವಸ್ಥೆ ಲೋಡ್‌ನ ಎತ್ತರಕ್ಕೂ ದಾರಿಯ ಸೇತುವೆಗಳಿಗೂ ಹೊಂದಿಸಿ ನೋಡದೆ ಆನ್‌ಲೈನ್‌ನಲ್ಲೇ ಅನುಮತಿ ಕೊಟ್ಟಿತ್ತು. ಎತ್ತರದ ಅಂತರಕ್ಕೆ ಗ್ಯಾರಂಟಿ ಇಲ್ಲ ಅಂತ ಪರ್ಮಿಟ್‌ನಲ್ಲೇ ಬರೆದಿತ್ತು. ಅಂದರೆ ದಾರಿ ನೋಡಿಕೊಳ್ಳುವ ಹೊಣೆ ಗಾಡಿಯವರದ್ದೇ. ಕೆಲವು ರಾಜ್ಯಗಳಲ್ಲಿ ಪರ್ಮಿಟ್ ಕೊಡುವಾಗ ಇಲಾಖೆಯೇ ದಾರಿ ನೋಡುತ್ತದೆ. ಅದನ್ನು ರೂಢಿ ಮಾಡಿಕೊಂಡ ಡ್ರೈವರ್ ಇನ್ನೊಂದು ರಾಜ್ಯಕ್ಕೆ ಬಂದಾಗ ಅಲ್ಲೂ ನೋಡಿಯೇ ಕೊಟ್ಟಿರುತ್ತಾರೆ ಎಂದುಕೊಳ್ಳುವುದು ಸಹಜ. ನಿಯಮಗಳು ಬೇರೆ ಬೇರೆ ಇರುವುದರ ನಿಜವಾದ ಅಪಾಯ ಇದು.

ಹಾಗಾದರೆ ಪೂರ್ತಿ ಯಾಕೆ ಒಂದಾಗುವುದಿಲ್ಲ?

ಕೆಲವು ವಿಷಯ ಒಂದು ಮಾಡಬಹುದು: ಅರ್ಜಿಯ ನಮೂನೆ, ಬಾವುಟ, ಬೋರ್ಡು, ಪೈಲಟ್ ಕಾರಿನವರ ತರಬೇತಿ, ಪರ್ಮಿಟ್‌ನ ದಿನಗಳು, ದಾರಿ ನೋಡುವ ಹೊಣೆ ಯಾರದ್ದು ಎಂಬ ಸ್ಪಷ್ಟತೆ. ಇವು ಕಾಗದದ ಮೇಲಿನ ಸಂಗತಿಗಳು. ಇವನ್ನು ಒಂದು ಮಾಡಿದರೆ ಡ್ರೈವರ್‌ಗೆ ಗೊಂದಲ ಕಡಿಮೆ, ಪೊಲೀಸರಿಗೂ ಕೆಲಸ ಸುಲಭ.

ಇನ್ನು ಕೆಲವು ಆಗುವಂಥದ್ದಲ್ಲ. ಬೆಟ್ಟದ ರಾಜ್ಯದ ತಿರುವು ಬಯಲು ಸೀಮೆಯ ರಸ್ತೆಯಂತಾಗುವುದಿಲ್ಲ. 1950ರ ದಶಕದ ಸೇತುವೆ ಹೊಸ ಸೇತುವೆಯಷ್ಟು ಹೊರುವುದಿಲ್ಲ. ರಸ್ತೆ ರಿಪೇರಿಯ ಖರ್ಚು ರಾಜ್ಯದ ತಲೆ ಮೇಲಿರುವಾಗ ಫೀಸು ಎಷ್ಟು ಅಂತ ನಿರ್ಧರಿಸುವ ಹಕ್ಕನ್ನು ಅದು ಬಿಟ್ಟುಕೊಡುವುದೂ ಇಲ್ಲ. ಹಾಗಾಗಿ ನಾಳೆ ದೇಶಕ್ಕೆಲ್ಲ ಒಂದೇ ಪರ್ಮಿಟ್ ಬಂದರೂ ದಾರಿಯ ಪರಿಶೀಲನೆ ಆಯಾ ದಾರಿಗೇ ಆಗಬೇಕು.

ನಮ್ಮ ಊರಲ್ಲಿ ಹೇಗೆ?

ಭಾರತದಲ್ಲಿ ಅಳತೆ ಮತ್ತು ತೂಕದ ಮಿತಿ ದೇಶಕ್ಕೆಲ್ಲ ಕೇಂದ್ರದ್ದೇ. 2018ರ ಜುಲೈನಲ್ಲಿ ಆಕ್ಸಲ್ ತೂಕ ಏರಿಸಿ, ದೊಡ್ಡ ಟ್ರೈಲರ್‌ಗಳ ಒಟ್ಟು ಮಿತಿಯನ್ನು 49ರಿಂದ 55 ಟನ್‌ಗೆ ತರಲಾಯಿತು. ಅದಕ್ಕೂ ಮೊದಲು ಕೆಲವು ರಾಜ್ಯಗಳು ದುಡ್ಡು ತೆಗೆದುಕೊಂಡು ಕಾರ್ಡ್, ಟೋಕನ್ ಕೊಟ್ಟು ಓವರ್‌ಲೋಡ್ ಬಿಡುತ್ತಿದ್ದವು. ಅದು ಕಾನೂನಿಗೆ ವಿರುದ್ಧ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್‌ಗೆ 2,000. ತೂಕ ಹಾಕಿಸಲು ಒಪ್ಪದಿದ್ದರೆ 40,000. ಓಡಿಸಿದವನೂ ಹೊಣೆ, ಓಡಿಸಲು ಬಿಟ್ಟವನೂ ಹೊಣೆ.

ರಾಷ್ಟ್ರೀಯ ಹೆದ್ದಾರಿಯ ಸೇತುವೆಗಳ ಮೇಲೆ ಭಾರೀ ಲೋಡ್ ದಾಟಿಸಲು ಕೇಂದ್ರದ ಆನ್‌ಲೈನ್ ವ್ಯವಸ್ಥೆ ಇದೆ. ಆದರೂ ರಾಜ್ಯ ಹೆದ್ದಾರಿ, ಊರೊಳಗಿನ ರಸ್ತೆ, ವಿದ್ಯುತ್ ತಂತಿ, ರೈಲ್ವೆ ಗೇಟು ಬಂದಾಗ ಆಯಾ ಇಲಾಖೆಯ ಅನುಮತಿ ಬೇರೆ. ಮಂಗಳೂರು ಬಂದರಿನಿಂದ ಘಟ್ಟ ಹತ್ತುವ ಲೋಡ್‌ಗೆ ಶಿರಾಡಿಯ ತಿರುವು, ಮಳೆಗಾಲದ ನಿರ್ಬಂಧ ಎಂಥದ್ದು ಅಂತ ನಮ್ಮ ಕರಾವಳಿಯವರಿಗೆ ಗೊತ್ತೇ ಇದೆ.

ಗಲ್ಫ್‌ನಲ್ಲಿ ಓಡಿಸುವವರು ಗಮನಿಸಬೇಕಾದದ್ದು

ಯುಎಇಯಲ್ಲಿ ರಸ್ತೆಗಳು ಆಯಾ ಎಮಿರೇಟ್‌ನ ಇಲಾಖೆಗಳ ಕೈಯಲ್ಲಿವೆ. ದುಬೈನಲ್ಲಿ ಆರ್‌ಟಿಎ, ಬೇರೆ ಎಮಿರೇಟ್‌ಗಳಲ್ಲಿ ಬೇರೆ ಇಲಾಖೆ. 2023ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತೂಕ ಮತ್ತು ಅಳತೆಯ ಫೆಡರಲ್ ಕಾನೂನು ಪ್ರಕಟವಾಯಿತು. ಭಾರೀ ವಾಹನದ ಗರಿಷ್ಠ ತೂಕ 65 ಟನ್ ಎಂದಾಯಿತು. ಅಮೆರಿಕ 1956ರಲ್ಲಿ ಇಟ್ಟಂಥ ಹೆಜ್ಜೆ ಇದು: ಸಾಧಾರಣ ಮಿತಿ ಒಂದಾಯಿತು, ಅದನ್ನು ಮೀರಿದ್ದಕ್ಕೆ ವಿಶೇಷ ತಸ್ರೀಹ್ ಬೇಕು. ಸೌದಿ, ಒಮಾನ್ ಗಡಿ ದಾಟಿದ ಮೇಲೆ ಆ ದೇಶದ ಕಾನೂನೇ ಲೆಕ್ಕಕ್ಕೆ ಬರುತ್ತದೆ. ಯುಎಇಯ 65 ಟನ್ ತೋರಿಸಿ ಅಲ್ಲಿ ವಾದ ಮಾಡಲು ಆಗುವುದಿಲ್ಲ.

ಎಲ್ಲಿ ಓಡಿಸಿದರೂ ಈ ಕೆಳಗಿನವು ರೂಢಿಯಲ್ಲಿರಲಿ:

- ಲೋಡ್ ಕಟ್ಟಿದ ಮೇಲೆ ಎತ್ತರ, ಅಗಲ, ಉದ್ದವನ್ನು ನೀವೇ ಟೇಪ್ ಹಿಡಿದು ಅಳೆಯಿರಿ. ಸಾಮಾನಿನ ಕಾಗದದಲ್ಲಿರುವ ಅಳತೆಗೆ ಟ್ರೈಲರ್‌ನ ಎತ್ತರ, ಕೆಳಗೆ ಇಟ್ಟ ಮರದ ದಿಮ್ಮಿಯ ಎತ್ತರ ಸೇರಿರುವುದಿಲ್ಲ. ಸ್ಕ್ಯಾಜಿಟ್‌ನಲ್ಲಿ ತಪ್ಪಿದ್ದು 2 ಇಂಚು.
- ಪರ್ಮಿಟ್‌ನಲ್ಲಿರುವ ಪ್ಲೇಟ್ ನಂಬರ್, ಆಕ್ಸಲ್ ಸಂಖ್ಯೆ, ತಾರೀಕು, ಓಡಿಸುವ ಹೊತ್ತು, ದಾರಿ ಎಲ್ಲ ಓದಿಸಿಕೊಳ್ಳಿ. ಅರಬ್ಬಿ ಬಾರದಿದ್ದರೆ ಆಫೀಸಿನವರ ಹತ್ತಿರ ಅರ್ಥ ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.
- ದಾರಿ ಯಾರು ನೋಡಿದ್ದಾರೆ ಅಂತ ಹೊರಡುವ ಮೊದಲೇ ಕೇಳಿ. ಇಲಾಖೆಯೋ, ಕಂಪನಿಯ ಸರ್ವೇಯವರೋ? ಯಾರೂ ನೋಡಿಲ್ಲ ಅಂದರೆ ಹೊರಡುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು.
- ಪರ್ಮಿಟ್‌ನ ದಾರಿ ಬಿಟ್ಟು ಗೂಗಲ್ ಮ್ಯಾಪ್ ಹೇಳಿದ ದಾರಿ ಹಿಡಿಯಬೇಡಿ. ಕಾರಿನ ಮ್ಯಾಪ್‌ಗೆ ನಿಮ್ಮ ಲೋಡ್‌ನ ಎತ್ತರ ಗೊತ್ತಿಲ್ಲ. ರಸ್ತೆ ಬಂದ್ ಆಗಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆಫೀಸಿಗೆ ಫೋನ್ ಮಾಡಿ, ಹೊಸ ದಾರಿಗೆ ಅನುಮತಿ ತರಿಸಿ.
- ಮೀಜಾನ್‌ನ ತೂಕದ ಚೀಟಿ, ಪರ್ಮಿಟ್, ಲೋಡ್ ಕಟ್ಟಿದ ರೀತಿ, ಎಲ್ಲದರ ಫೋಟೋ ಹೊರಡುವ ಮೊದಲೇ ತೆಗೆದಿಟ್ಟುಕೊಳ್ಳಿ.
- ಪರ್ಮಿಟ್ ಆಮೇಲೆ ಕಳಿಸುತ್ತೇವೆ, ಈಗ ಹೊರಡು ಅಂತ ಸೂಪರ್‌ವೈಸರ್ ಬಾಯಿಮಾತಿನಲ್ಲಿ ಹೇಳಿದರೆ, ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅಂತ ಕೇಳಿ. ಬರೆದು ಕೊಡಲು ಹಿಂಜರಿದರೆ ಅಲ್ಲೇ ಉತ್ತರ ಸಿಕ್ಕಿತು.

ಕಂಪನಿ ಪರ್ಮಿಟ್ ಮಾಡಿಸದೆ ಕಳಿಸಿ, ಬಿದ್ದ ಮುಖಾಲಫಾ ನಿಮ್ಮ ಸಂಬಳದಿಂದ ಕಡಿತ ಮಾಡಿದರೆ ಆ ದೇಶದ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಭಾರತೀಯ ದೂತಾವಾಸದ ನೆರವನ್ನೂ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲನ್ನೂ ಬಳಸಬಹುದು. ಅಂಥ ಹೊತ್ತಿನಲ್ಲಿ ಮೇಲೆ ಹೇಳಿದ ಫೋಟೋ ಮತ್ತು ಮೆಸೇಜುಗಳೇ ನಿಮ್ಮ ಸಾಕ್ಷಿ.

ಊರಿನಲ್ಲಿರುವ ಮನೆಯವರಿಗೂ ಒಂದು ಮಾತು. ಗಾಡಿ ಗಡಿಯಲ್ಲಿ ನಿಂತಿದೆ, ಪರ್ಮಿಟ್ ಬಂದಿಲ್ಲ, ಎರಡು ದಿನ ತಡ ಅಂತ ಫೋನ್ ಬಂದರೆ ಗಾಬರಿ ಬೇಡ. ಹೊರಟುಬಿಡು ಅಂತ ಒತ್ತಾಯವೂ ಬೇಡ. ಈ ಕೆಲಸದಲ್ಲಿ ಕಾಯುವುದೂ ಡ್ಯೂಟಿಯೇ.